ಎರಿ ಹೊಲದ ಮೇಲೆ ಕಟ್ಟಿದ ಊರು

ಫ್ರಿಸ್ಕೋದಲ್ಲಿ ಮನೆ ತಗೊಂಡವರು ಒಂದೆಡೆ ಸೇರಿದರೆ ಸ್ಕೂಲು, ಪ್ರಾಪರ್ಟಿ ಟ್ಯಾಕ್ಸ್ ಆದಮೇಲೆ ಮಾತು ಬಂದು ನಿಲ್ಲೋದು ಫೌಂಡೇಶನ್ ಮೇಲೆ. ಆಗಸ್ಟ್ ಬಂತೆಂದರೆ ಬಾಗಿಲು ಬಿಗಿಯಾಗುತ್ತದೆ, ಗೋಡೆ ಮೂಲೆಯಲ್ಲಿ ಕೂದಲೆಳೆಯ ಬಿರುಕು ಕಾಣುತ್ತದೆ, ಮನೆ ಸುತ್ತ ಪೈಪ್ ಹಾಸಿ ನೆಲಕ್ಕೆ ನೀರು ಬಿಡಬೇಕಾಗುತ್ತದೆ. ಗಿಡಕ್ಕಲ್ಲ, ಮನೆಗೇ ನೀರು ಹಾಕೋ ದೇಶ ಇದು ಅಂತ ಊರಿಂದ ಬಂದ ಹಿರಿಯರು ನಗುತ್ತಾರೆ. ಆದರೆ ನವಲಗುಂದ, ರೋಣ, ಅಣ್ಣಿಗೇರಿ ಕಡೆಯಿಂದ ಬಂದವರು ನಗೋದಿಲ್ಲ. ಒಂದು ಹಿಡಿ ಮಣ್ಣು ತಗೊಂಡು ಬೆರಳಲ್ಲಿ ತಿಕ್ಕಿ ನೋಡಿ, "ಇದು ಎರಿ ಅಲ್ಲೇನ?" ಅಂತಾರೆ.

ಹೌದು, ಇದು ಎರಿಯೇ. ಮಳೆಗಾಲದಲ್ಲಿ ಉಬ್ಬಿ ಕಾಲಿಗೆ ಕೊಡದಷ್ಟು ಅಂಟಿಕೊಳ್ಳುವ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುವ ಮಣ್ಣು. ಮಣ್ಣು ವಿಜ್ಞಾನದವರು ನಮ್ಮ ಎರಿಯನ್ನೂ ಇದನ್ನೂ ವರ್ಟಿಸಾಲ್ ಅನ್ನೋ ಒಂದೇ ಗುಂಪಿಗೆ ಸೇರಿಸುತ್ತಾರೆ. ಟೆಕ್ಸಸ್‌ನಲ್ಲಿ ಈ ಜಾತಿಯ ಹೆಸರಾಂತ ಮಣ್ಣಿಗೆ 'ಹ್ಯೂಸ್ಟನ್ ಬ್ಲ್ಯಾಕ್' ಎಂದು ಹೆಸರು. ಇದನ್ನೇ ಈ ರಾಜ್ಯದ ಮಣ್ಣು ಅಂತ ಗುರುತಿಸುತ್ತಾರೆ. ನಮ್ಮಲ್ಲಿ ರಾಜ್ಯಕ್ಕೊಂದು ಹಕ್ಕಿ, ಒಂದು ಹೂವು ಇದ್ದಂತೆ ಇಲ್ಲಿ ಮಣ್ಣಿಗೂ ಆ ಮರ್ಯಾದೆ ಸಿಕ್ಕಿದೆ. ತಾಯಿ ಬೇರು ಮಾತ್ರ ಬೇರೆ ಬೇರೆ. ಧಾರವಾಡ ಸೀಮೆಯ ಎರಿಯ ಬಹುಪಾಲು ಹಳೆಯ ಶಿಲೆಗಳು ಸವೆದು ಹುಟ್ಟಿದ್ದು, ವಿಜಯಪುರದ ಕಡೆ ಆ ಶಿಲೆ ಲಾವಾರಸ ಹೆಪ್ಪುಗಟ್ಟಿ ಆದದ್ದು. ಇಲ್ಲಿಯದು ಹಿಂದೆ ಇಲ್ಲಿದ್ದ ಸಮುದ್ರದ ತಳದ ಸುಣ್ಣಕಲ್ಲು ಸವೆದು ಹುಟ್ಟಿದ್ದು. ಡಲ್ಲಾಸ್‌ನ ಉತ್ತರದಿಂದ ವೇಕೋ, ಆಸ್ಟಿನ್ ಹಾದು ಸ್ಯಾನ್ ಆಂಟೋನಿಯೋವರೆಗೆ ಈ ಕರಿಪಟ್ಟಿ ಹಬ್ಬಿದೆ. ಐ-35ರಲ್ಲಿ ಡಲ್ಲಾಸ್‌ನಿಂದ ಆಸ್ಟಿನ್‌ಗೆ ಹೋಗುವಾಗ ಬಹುಪಾಲು ನಾವು ಅದರ ಅಂಚು ಹಿಡಿದೇ ಹೋಗುತ್ತೇವೆ. ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಅಂದರೆ ಇದೇ.

ಈ ಮಣ್ಣು ಯಾರು ಮಾಡಿದರು? ಸುಣ್ಣಕಲ್ಲು ಜೇಡಿಯನ್ನು ಕೊಟ್ಟಿತು, ಅಷ್ಟೇ. ಮೇಲಿನ ಪದರದ ಕಪ್ಪು, ಸತ್ವ, ಹದ ಎಲ್ಲ ಹುಲ್ಲಿನ ಕೆಲಸ. ಇಲ್ಲಿ ಮನುಷ್ಯನ ಎದೆಯೆತ್ತರ, ಕೆಲವು ಕಡೆ ತಲೆ ಮುಳುಗುವಷ್ಟು ಹುಲ್ಲು ಬೆಳೆಯುತ್ತಿತ್ತು: ಬಿಗ್ ಬ್ಲೂಸ್ಟೆಮ್, ಲಿಟಲ್ ಬ್ಲೂಸ್ಟೆಮ್, ಇಂಡಿಯನ್ ಗ್ರಾಸ್, ಸ್ವಿಚ್ ಗ್ರಾಸ್. ನಾವು ನೋಡೋದು ನೆಲದ ಮೇಲಿನ ಹುಲ್ಲನ್ನು. ಆದರೆ ಪ್ರೇರಿ ಹುಲ್ಲಿನ ಒಡಲಿನ ಹೆಚ್ಚು ಪಾಲು ಇರೋದು ನೆಲದೊಳಗೆ. ಬೇರು ಆರೇಳು ಅಡಿ ಇಳಿಯುತ್ತದೆ. ಬಿಸಿಲಿನಿಂದ ಎಲೆ ಹಿಡಿದ ಶಕ್ತಿಯ ದೊಡ್ಡ ಭಾಗ ಕೆಳಗೆ ಬೇರಿಗೆ ಹೋಗುತ್ತದೆ, ಬೇರು ವರ್ಷ ವರ್ಷ ಸ್ವಲ್ಪ ಸಾಯುತ್ತದೆ, ಸತ್ತ ಬೇರನ್ನು ಬೂಷ್ಟು, ಬ್ಯಾಕ್ಟೀರಿಯಾ, ಎರೆಹುಳ ತಿನ್ನುತ್ತವೆ, ತಿಂದು ಉಳಿದದ್ದು ಜೇಡಿಗೆ ಅಂಟಿಕೊಂಡು ಕೂಡುತ್ತದೆ. ಹೀಗೆ ಸಾವಿರಾರು ವರ್ಷ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಫಿಕ್ಸೆಡ್ ಡೆಪಾಸಿಟ್. ಬಡ್ಡಿಯೂ ಖರ್ಚಾಗದೆ ಅಸಲಿಗೆ ಸೇರುತ್ತಾ ಹೋದದ್ದು.

ರೇಮಂಡ್ ಲಿಂಡೆಮನ್ ಎಂಬ ಯುವ ವಿಜ್ಞಾನಿ ಈ ಶಕ್ತಿಯ ಲೆಕ್ಕವನ್ನು ಮಿನೆಸೋಟಾದ ಒಂದು ಸಣ್ಣ ಕೆರೆಯಲ್ಲಿ ಕೂತು ಹಾಕಿದ. ಅವನ ಲೇಖನ ಅಚ್ಚಾದದ್ದು 1942ರಲ್ಲಿ. ಅದೇ ವರ್ಷ, 26ನೇ ವಯಸ್ಸಿಗೆ, ತೀರಿಕೊಂಡ. ಅವನ ದಾರಿ ಹಿಡಿದು ಮುಂದಿನವರು ಕಂಡುಕೊಂಡ ಸ್ಥೂಲ ಲೆಕ್ಕ ಇದು: ಒಂದು ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಹೋಗುವಾಗ ಶಕ್ತಿಯ ಹತ್ತರಲ್ಲಿ ಒಂದು ಪಾಲು ಮಾತ್ರ ದಾಟುತ್ತದೆ, ಮಿಕ್ಕದ್ದು ಉಸಿರಾಟದಲ್ಲಿ, ಶಾಖವಾಗಿ ಹೋಗುತ್ತದೆ. ಅದಕ್ಕೇ ಹುಲ್ಲು ಸಮುದ್ರದಷ್ಟು, ಕಾಡೆಮ್ಮೆ ಹಿಂಡಿನಷ್ಟು, ತೋಳ ಬೆರಳೆಣಿಕೆಯಷ್ಟು. ಶಕ್ತಿ ಹೋದದ್ದು ವಾಪಸ್ ಬರೋದಿಲ್ಲ, ಸೂರ್ಯ ದಿನಾ ಹೊಸದಾಗಿ ಕೊಡಬೇಕು. ಆದರೆ ಸಾರಜನಕ, ರಂಜಕದಂಥ ಪೋಷಕಾಂಶಗಳದ್ದು ಬೇರೆ ಲೆಕ್ಕ. ಅವು ಸುತ್ತುತ್ತಿರಬೇಕು. ಎಮ್ಮೆ ತಿಂದದ್ದು ಸಗಣಿಯಾಗಿ ಅಲ್ಲೇ ಬೀಳಬೇಕು, ಸತ್ತ ಎಮ್ಮೆಯ ಎಲುಬು ಅಲ್ಲೇ ಕರಗಬೇಕು.

ಇಲ್ಲಿಯ ಕಾಡೆಮ್ಮೆ, ಅಂದರೆ ಬೈಸನ್, ಮೇಯುತ್ತಾ ಮುಂದೆ ಹೋಗುತ್ತಿತ್ತು, ಒಂದೇ ಕಡೆ ನಿಂತು ಬುಡದವರೆಗೆ ಬೋಳಿಸುತ್ತಿರಲಿಲ್ಲ. ಆಗಾಗ ಸಿಡಿಲಿನಿಂದಲೋ ಮೂಲನಿವಾಸಿಗಳು ಹಚ್ಚಿದ್ದರಿಂದಲೋ ಬೆಂಕಿ ಬೀಳುತ್ತಿತ್ತು. ಬೆಂಕಿ ಒಣ ಹುಲ್ಲನ್ನೂ ಎಳೆ ಮರಗಳನ್ನೂ ಸುಡುತ್ತಿತ್ತು, ಹುಲ್ಲಿನ ಬೇರನ್ನಲ್ಲ. ಸುಟ್ಟ ಕಡೆ ಚಿಗುರಿದ ಹುಲ್ಲಿಗೆ ಎಮ್ಮೆ ಬರುತ್ತಿತ್ತು. ನಮ್ಮ ಕಡೆ ಸುಗ್ಗಿ ಮುಗಿದ ಹೊಲದಲ್ಲಿ ಕುರುಬರು ಎರಡು ಮೂರು ರಾತ್ರಿ ಕುರಿ ನಿಲ್ಲಿಸುತ್ತಾರಲ್ಲ, ರೈತ ಅವರಿಗೆ ಕಾಳೋ ರೊಕ್ಕವೋ ಕೊಡುತ್ತಾನಲ್ಲ, ಕೆಲಸ ಅದೇ. ಇಲ್ಲಿ ಕುರುಬನಿಲ್ಲದೆ ನಡೆಯುತ್ತಿತ್ತು.

ಫ್ರಿಸ್ಕೋದ ಪ್ರೆಸ್ಟನ್ ರೋಡ್ ಮೇಲೆ ದಿನಾ ಓಡಾಡುವ ನಮಗೆ ಅದು ದನದ ದಾರಿ ಅನ್ನೋದು ನೆನಪಿರೋದಿಲ್ಲ. ಮೊದಲು ಮೂಲನಿವಾಸಿಗಳ ದಾರಿ, ಆಮೇಲೆ ಶಾನೀ ಟ್ರೇಲ್. ಉದ್ದ ಕೊಂಬಿನ ಲಾಂಗ್‌ಹಾರ್ನ್ ದನಗಳನ್ನು ಉತ್ತರದ ಪೇಟೆಗೆ ಹೊಡೆದುಕೊಂಡು ಹೋಗುತ್ತಿದ್ದರು. ಮೊದಮೊದಲು ಬಂದ ಬಿಳಿಯರು ಈ ಕರಿಮಣ್ಣಿನಲ್ಲಿ ಉಳೋದಕ್ಕೆ ಹಿಂಜರಿದರು. ಹುಲ್ಲಿನ ಬೇರಿನ ಹೆಣಿಗೆಗೆ ನೇಗಿಲು ಇಳಿಯುತ್ತಿರಲಿಲ್ಲ, ಮಣ್ಣು ನೇಗಿಲಿಗೆ ಅಂಟಿದರೆ ಬಿಡುತ್ತಿರಲಿಲ್ಲ, ಕಟ್ಟಿಗೆ ನೀರು ಎರಡೂ ದೂರ. ಹೊಳೆ ದಂಡೆಯ ಮರಗಳ ನೆರಳಲ್ಲಿ ಮನೆ ಮಾಡಿ, ಬಯಲನ್ನು ದನಕ್ಕೆ ಬಿಟ್ಟರು. ಮಣ್ಣು ತನ್ನನ್ನು ತಾನೇ ಕಾಯ್ದುಕೊಂಡಿತ್ತು ಅನ್ನಬಹುದು.

ಕಾಯ್ದುಕೊಂಡದ್ದು ಹೆಚ್ಚು ದಿನ ಅಲ್ಲ. 1872ರಲ್ಲಿ ಹ್ಯೂಸ್ಟನ್ ಕಡೆಯಿಂದ ರೈಲು ಡಲ್ಲಾಸ್ ಮುಟ್ಟಿತು. 1874ರಲ್ಲಿ ಮುಳ್ಳುತಂತಿಗೆ ಪೇಟೆಂಟ್ ಆಯಿತು. ಉಕ್ಕಿನ ನೇಗಿಲು ಬಂತು. ಅದೇ ಹತ್ತು ಹದಿನೈದು ವರ್ಷದಲ್ಲಿ ಬೈಸನ್ ಮುಗಿಯಿತು. ಒಂದು ಕಾಲಕ್ಕೆ ಇಡೀ ಖಂಡದಲ್ಲಿ ಕನಿಷ್ಠ ಮೂರು ಕೋಟಿ ಇದ್ದಿರಬಹುದು ಅಂತ ಅಂದಾಜು. 1889ರಲ್ಲಿ ಎಣಿಸಿದಾಗ ಸಾವಿರ ಚಿಲ್ಲರೆ. ಚರ್ಮಕ್ಕಾಗಿ ಕೊಂದು ಬಿಸಾಕಿದ್ದ ಎಲುಬನ್ನೂ ಬಡವರು ಬಯಲಿನಿಂದ ಆರಿಸಿ ಗಾಡಿಗೆ ತುಂಬಿ ರೈಲಿಗೆ ಹಾಕಿದರು. ಪೂರ್ವದ ಕಾರ್ಖಾನೆಗಳಲ್ಲಿ ಅದು ಗೊಬ್ಬರವಾಯಿತು, ಸಕ್ಕರೆ ಬಿಳಿ ಮಾಡೋ ಇದ್ದಿಲಾಯಿತು. ಹುಲ್ಲುಗಾವಲಿನ ರಂಜಕ ಯಾರದೋ ಹೊಲಕ್ಕೆ ಹೋಯಿತು. ಪ್ರಾಣಿ ಹೋದದ್ದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ಎಲುಬು ಹೋದದ್ದರ ಬಗ್ಗೆ ಮಾತಾಡುವವರು ಕಡಿಮೆ. ನನಗೆ ಎರಡನೆಯದೂ ಅಷ್ಟೇ ದೊಡ್ಡದು ಅನಿಸುತ್ತದೆ.

ಆಮೇಲೆ ಹತ್ತಿ. ಫ್ರಿಸ್ಕೋ ಹುಟ್ಟಿದ್ದು ಈ ಹೊತ್ತಿನಲ್ಲೇ. ಪ್ರೆಸ್ಟನ್ ದಾರಿಯ ಮೇಲೆ ಲೆಬನಾನ್ ಅನ್ನೋ ಹಳೇ ಊರಿತ್ತು. ಈಗಿನ ಲೆಬನಾನ್ ರೋಡ್ ಅದರದೇ ಹೆಸರು. ರೈಲು ಆ ಊರನ್ನು ಬಿಟ್ಟು ಪಶ್ಚಿಮಕ್ಕೆ ಹಾಯಿತು. ಉಗಿ ಎಂಜಿನ್ನಿಗೆ ನೀರು ಬೇಕು, ನೀರು ತುಂಬಿಸೋ ಜಾಗದಲ್ಲಿ 1902ರಲ್ಲಿ ಸೈಟು ಹರಾಜು ಹಾಕಿದರು. ಲೆಬನಾನಿನ ಕೆಲವರು ಮನೆಯನ್ನೇ ಮರದ ದಿಮ್ಮಿ ಮೇಲೆ ಉರುಳಿಸಿಕೊಂಡು ಬಂದರಂತೆ. ಊರಿಗೆ ಮೊದಲು ಎಮರ್ಸನ್ ಅಂತ ಹೆಸರಿಟ್ಟರು, ಅದರ ಹಾಗೇ ಕೇಳೋ ಇನ್ನೊಂದು ಊರು ಇದೆ ಅಂತ ಅಂಚೆಯವರು ಒಪ್ಪಲಿಲ್ಲ. ಕೊನೆಗೆ ಸೇಂಟ್ ಲೂಯಿಸ್-ಸ್ಯಾನ್ ಫ್ರಾನ್ಸಿಸ್ಕೋ ರೈಲ್ವೆಯ ಅಡ್ಡಹೆಸರೇ ಊರಿನ ಹೆಸರಾಯಿತು. ಆಗಿನ ಮನೆಗಳು ಬೋಡಾರ್ಕ್ ಅನ್ನೋ ಮರದ ತುಂಡುಗಳ ಮೇಲೆ ನಿಲ್ಲುತ್ತಿದ್ದವು. ಎರಿ ಮಣ್ಣಲ್ಲೂ ಕೊಳೆಯದ ಮರ ಅದು. ನೆಲ ಉಬ್ಬಿದರೆ ತುಂಡಿನ ಮೇಲೆ ಹಲಗೆ ಸರಿಸಿ ಮಟ್ಟ ಮಾಡಿಕೊಂಡರೆ ಆಯ್ತು. ಫೌಂಡೇಶನ್ ರಿಪೇರಿಗೆ ಸಾವಿರಾರು ಡಾಲರ್ ತೆತ್ತವರು ಇದನ್ನು ಓದಿ ನಿಟ್ಟುಸಿರು ಬಿಡಬಹುದು.

ಹತ್ತಿ ಮಣ್ಣಿನಿಂದ ಏನನ್ನು ಒಯ್ಯುತ್ತದೆ ಅಂತ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಅರಳೆ ಮಾತ್ರ ಮಾರಿದರೆ ಹೊಲಕ್ಕೆ ನಷ್ಟ ಬಹಳ ಕಡಿಮೆ. ಅರಳೆ ಅಂದರೆ ಬಹುತೇಕ ಬರೀ ಸೆಲ್ಯುಲೋಸ್, ಗಾಳಿ ಮತ್ತು ನೀರಿನಿಂದ ಆದದ್ದು. ಸಾರಜನಕ, ರಂಜಕ ಇರೋದು ಹತ್ತಿಕಾಳಿನಲ್ಲಿ. ನಮ್ಮ ಕಡೆ ಹತ್ತಿಕಾಳು ಎತ್ತು, ಎಮ್ಮೆಗೆ ಹೋಗುತ್ತಿತ್ತು, ಸಗಣಿ ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ಟೆಕ್ಸಸ್‌ನಲ್ಲಿ 19ನೇ ಶತಮಾನದ ಕೊನೆಗೆ ಎಣ್ಣೆ ಗಿರಣಿಗಳು ಬಂದ ಮೇಲೆ ಕಾಳಿಗೂ ಪೇಟೆ ಬಂತು. ಅರಳೆ ಒಂದು ಗಾಡಿಯಲ್ಲಿ, ಕಾಳು ಇನ್ನೊಂದು ಗಾಡಿಯಲ್ಲಿ ಊರು ಬಿಟ್ಟವು. ಅದಕ್ಕಿಂತ ದೊಡ್ಡ ನಷ್ಟ ನೇಗಿಲಿನದು. ಹುಲ್ಲಿನ ಹೊದಿಕೆ ತೆಗೆದ ಕರಿಮಣ್ಣಿಗೆ ಗಾಳಿ ಸೋಕಿ, ಸಾವಿರಾರು ವರ್ಷ ಕೂಡಿಟ್ಟ ಸತ್ವ ಸೂಕ್ಷ್ಮಜೀವಿಗಳ ಬಾಯಿಗೆ ಬಿತ್ತು. ಮೊದಮೊದಲು ಅದರಿಂದಲೇ ಬಂಪರ್ ಬೆಳೆ. ಜನ "ಎಂದೂ ಮುಗಿಯದ ಮಣ್ಣು" ಅಂದುಕೊಂಡರು. ಜೊತೆಗೆ ವಸಂತದ ಬಿರುಮಳೆ ಬರಿ ನೆಲದ ಮೇಲೆ ಬಿದ್ದು ಮಣ್ಣನ್ನು ಟ್ರಿನಿಟಿ ಹೊಳೆಗೆ ಹೊತ್ತೊಯ್ದಿತು. ಪ್ರೇರಿಯಲ್ಲಿ ಮೊದಲು ಸಣ್ಣ ಸಣ್ಣ ತಗ್ಗುಗಳಿದ್ದವು, ಮಳೆ ನೀರು ಅವುಗಳಲ್ಲಿ ನಿಂತು ಇಂಗುತ್ತಿತ್ತು. ಉತ್ತು ಉತ್ತು ಅವೂ ಸಮ ಆದವು. 1930ರ ದಶಕಕ್ಕೆ ಪರಿಸ್ಥಿತಿ ಎಷ್ಟು ಕೆಟ್ಟಿತ್ತೆಂದರೆ, ವೇಕೋ ಹತ್ತಿರದ ರೀಸಲ್‌ನಲ್ಲಿ ಕೇಂದ್ರ ಕೃಷಿ ಇಲಾಖೆ ಈ ಕರಿಮಣ್ಣಿನ ಕೊಚ್ಚಣೆ ಅಳೆಯಲೆಂದೇ ಕೇಂದ್ರ ಮಾಡಿತು. ಈಗಲೂ ಅಲ್ಲಿ ಅಳೆಯುತ್ತಿದ್ದಾರೆ.

ಹತ್ತಿ ಮೇಲೆ ಹತ್ತಿ ಹಾಕಿದ್ದಕ್ಕೆ ಬೇರೆ ಬಾಡಿಗೆದಾರರೂ ಬಂದರು. ಸುಣ್ಣದ ಎರಿಯಲ್ಲಿ ಬದುಕುವ ಒಂದು ಬೂಷ್ಟು ಬೇರು ಕೊಳೆಸಿ ಜುಲೈ ಆಗಸ್ಟಿನಲ್ಲಿ ಗಿಡಗಳನ್ನು ಗುಂಪು ಗುಂಪಾಗಿ ಒಣಗಿಸುತ್ತಿತ್ತು. ಹುಲ್ಲಿನ ಜಾತಿಯ ಜೋಳಕ್ಕೆ, ಮೆಕ್ಕೆಜೋಳಕ್ಕೆ ಅದು ಹತ್ತೋದಿಲ್ಲ. ಬೆಳೆ ಬದಲಿಸಿದರೆ ಕಡಿಮೆಯಾಗುತ್ತದೆ. 1892ರಲ್ಲಿ ಮೆಕ್ಸಿಕೋದಿಂದ ಬೋಲ್ ವೀವಿಲ್ ಅನ್ನೋ ಸೊಂಡಿಲ ಹುಳ ಗಡಿ ದಾಟಿ ಬಂದು, ಮೂವತ್ತು ವರ್ಷದಲ್ಲಿ ದಕ್ಷಿಣದ ಹತ್ತಿ ಸೀಮೆಯನ್ನೆಲ್ಲ ಹಬ್ಬಿತು. ಸಾವಿರ ಮೈಲಿ ಒಂದೇ ಬೆಳೆ ಹಾಕಿದರೆ ಹುಳಕ್ಕೆ ಹೈವೇ ಹಾಕಿಕೊಟ್ಟ ಹಾಗೆ.

ಬೆಳೆ ಯಾಕೆ ಬದಲಿಸಲಿಲ್ಲ? ರೈತರಿಗೆ ತಿಳಿವಳಿಕೆ ಇರಲಿಲ್ಲ ಅನ್ನೋ ಉತ್ತರವನ್ನು ನಾನು ಒಪ್ಪೋದಿಲ್ಲ. 1910ರ ಹೊತ್ತಿಗೆ ಟೆಕ್ಸಸ್‌ನ ರೈತರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸ್ವಂತ ಭೂಮಿ ಇಲ್ಲದವರು, ಕರಿಮಣ್ಣಿನ ಸೀಮೆಯಲ್ಲಿ ಇನ್ನೂ ಹೆಚ್ಚು. ಬಡ ಬಿಳಿಯರು, ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರ ಮಕ್ಕಳು, ಮೆಕ್ಸಿಕೋದಿಂದ ಕೂಲಿಗೆ ಬಂದವರು. ಹೇಸರಗತ್ತೆ, ನೇಗಿಲು ಸ್ವಂತದ್ದಿದ್ದವನು ಹತ್ತಿಯ ನಾಲ್ಕನೇ ಒಂದು, ಕಾಳಿನ ಮೂರನೇ ಒಂದು ಪಾಲು ಮಾಲೀಕನಿಗೆ ಕೊಡಬೇಕು. ಏನೂ ಇಲ್ಲದವನು ಅರ್ಧ ಕೊಡಬೇಕು, ಅಂದರೆ ನಮ್ಮ ಕೋರಿನ ಹಾಗೇ. ಮಾಲೀಕ ಪೇಟೆಯಲ್ಲಿ. ಸಾಲ ಕೊಡುವ ಅಂಗಡಿಯವನಿಗೆ ಹತ್ತಿಯೇ ಬೇಕು. ಒಕ್ಕಲು ವರ್ಷಕ್ಕೋ ಎರಡು ವರ್ಷಕ್ಕೋ ಸಾಮಾನು ಕಟ್ಟಿಕೊಂಡು ಬೇರೆ ಹೊಲಕ್ಕೆ ಹೋಗಬೇಕು. ಮುಂದಿನ ವರ್ಷ ಯಾರದೋ ಆಗುವ ಹೊಲಕ್ಕೆ ಈ ವರ್ಷ ಗೊಬ್ಬರ ಯಾರು ಹಾಕುತ್ತಾರೆ? ಒಡ್ಡು ಯಾರು ಕಟ್ಟುತ್ತಾರೆ?

ಇಲ್ಲಿಂದ ಧಾರವಾಡಕ್ಕೆ ಹೋಗೋಣ, ಯಾಕೆಂದರೆ ಹತ್ತಿಯೇ ಒಮ್ಮೆ ಹಾಗೆ ಹೋಗಿತ್ತು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತು ಜನ ಹತ್ತಿ ಪ್ಲಾಂಟರ್‌ಗಳನ್ನು ಇಂಡಿಯಾಕ್ಕೆ ಕರೆತಂದಿತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಗಿತ್ತು. ಹೆಚ್ಚಿನ ಕಡೆ ಪ್ರಯೋಗ ಕೈಕೊಟ್ಟಿತು, ಪ್ಲಾಂಟರ್‌ಗಳು ವಾಪಸ್ ಹೋದರು. ಒಂದು ಕಡೆ ಮಾತ್ರ ಬೀಜ ನಿಂತಿತು: ಧಾರವಾಡ ಜಿಲ್ಲೆಯ ಎರಿಯಲ್ಲಿ. ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿದ್ದರು. ನ್ಯೂ ಆರ್ಲಿಯನ್ಸ್ ಬೀಜದಿಂದ ಬಂದ ಈ ಹತ್ತಿಗೆ ಪೇಟೆಯಲ್ಲಿ 'ಧಾರವಾಡ ಅಮೆರಿಕನ್' ಅಂತಲೇ ಹೆಸರು ಬಿತ್ತು. ಅದರ ಮೂಲ ತವರು ಮೆಕ್ಸಿಕೋ, ಅಂದರೆ ಟೆಕ್ಸಸ್‌ನ ಪಕ್ಕದ ಮನೆ. 1861ರಿಂದ 65ರವರೆಗೆ ಇಲ್ಲಿ ಸಿವಿಲ್ ವಾರ್ ನಡೆದು ಅಮೆರಿಕದ ಹತ್ತಿ ನಿಂತಾಗ ನಮ್ಮ ಕಡೆ ಹತ್ತಿಗೆ ಚಿನ್ನದ ಬೆಲೆ. ಯುದ್ಧ ಮುಗಿದದ್ದೇ ಬೆಲೆ ಬಿತ್ತು. ಡಲ್ಲಾಸ್‌ನಲ್ಲಿ ಆಗೋದು ಧಾರವಾಡಕ್ಕೆ ತಟ್ಟೋದು ಸಾಫ್ಟ್‌ವೇರ್ ಕಾಲದಿಂದ ಶುರುವಾದದ್ದಲ್ಲ.

ಒಂದೇ ತರದ ಮಣ್ಣು, ಒಂದೇ ಜಾತಿಯ ಬೀಜ. ಆದರೂ ಟೆಕ್ಸಸ್‌ನ ಎರಿ ಒಂದು ಮನುಷ್ಯನ ಆಯುಷ್ಯದಲ್ಲಿ ಸೊರಗಿತು, ನಮ್ಮದು ಅದಕ್ಕಿಂತ ಎಷ್ಟೋ ಶತಮಾನದ ಉಳುಮೆ ತಡೆದುಕೊಂಡಿತು. ಜೋಳ, ಕಡಲೆ, ಹತ್ತಿ ಸರದಿಯಲ್ಲಿ ಬರುತ್ತಿದ್ದವು. ಕಡಲೆಯ ಬೇರಿನ ಗಂಟು ಗಾಳಿಯ ಸಾರಜನಕ ಹಿಡಿಯುತ್ತಿತ್ತು. ಜೋಳದ ಕಣಕಿ, ಹತ್ತಿಕಾಳು ದನಕ್ಕೆ, ದನದ್ದು ಹೊಲಕ್ಕೆ, ಬೇಸಿಗೆಗೆ ಕುರಿ. ಇದನ್ನು ರಾಮರಾಜ್ಯ ಅಂತ ಹೇಳೋದಿಲ್ಲ. ಇಳುವರಿ ಕಡಿಮೆ ಇತ್ತು, 1876-78ರ ಬರದಲ್ಲಿ ಆ ಸೀಮೆಯ ಜನ ಸತ್ತದ್ದನ್ನು ಯಾವ ತಿಪ್ಪೆಗೊಬ್ಬರವೂ ತಡೆಯಲಿಲ್ಲ. ಆದರೆ ತೆಗೆದದ್ದರಲ್ಲಿ ಒಂದಷ್ಟು ಹಿಂದಿರುಗುತ್ತಿತ್ತು.

ಈಗ ಮತ್ತೆ ನಮ್ಮ ಫ್ರಿಸ್ಕೋ. 1990ರಲ್ಲಿ ಇಲ್ಲಿಯ ಜನಸಂಖ್ಯೆ 6,138. 2020ರಲ್ಲಿ 2,00,509. ಹತ್ತಿ ಹೊಲ ಹೋಗಿ ಸಬ್‌ಡಿವಿಷನ್ ಬಂತು. ಆ ಲೆಕ್ಕದಲ್ಲಿ ನಾವೂ ಇದ್ದೇವೆ. ಡೌನ್‌ಟೌನ್‌ನಲ್ಲಿ ಹಳಿ ಪಕ್ಕದ ಕಾಳಿನ ಸೈಲೋಗಳು ಮಾತ್ರ ಹಳೇ ಸಾಕ್ಷಿ. ಮನೆ ಮುಂದೆ ಹಾಕೋದು ಬರ್ಮುಡಾ ಗ್ರಾಸ್. ಹೆಸರು ದೊಡ್ಡದು, ಒಕ್ಕಲುತನದವರು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ: ಗರಿಕೆ. ಗಣಪತಿಗೆ ಏರಿಸೋ ಗರಿಕೆ, ನಮ್ಮ ಕಡೆ ಕರಕಿ. ಎರಿ ಹೊಲಕ್ಕೆ ಕರಕಿ ಬಿದ್ದರೆ ಹಿರಿಯರು ಆಳುದ್ದ ಅಗೆಸಿ ತೆಗೆಸುತ್ತಿದ್ದರು, ಖರ್ಚಿನಲ್ಲಿ ಮನೆ ಮುಳುಗುತ್ತಿತ್ತು. ಇಲ್ಲಿ ಅದನ್ನೇ ರೊಕ್ಕ ಕೊಟ್ಟು ಹಾಸಿ, ಗೊಬ್ಬರ ಹಾಕಿ, ಒಣಗಿದರೆ ಎಚ್‌ಒಎ ಯಿಂದ ಕಾಗದ ಬರುತ್ತದೆ!

ಆ ಗೊಬ್ಬರದ ಕಥೆ ಅಲ್ಲಿಗೆ ಮುಗಿಯೋದಿಲ್ಲ. ಮಳೆ ಬಂದರೆ ಹೆಚ್ಚಾದ ಸಾರಜನಕ, ರಂಜಕ ಚರಂಡಿ ಹಿಡಿದು ಹಳ್ಳಕ್ಕೆ, ಕೆರೆಗೆ, ಕೊನೆಗೆ ಟ್ರಿನಿಟಿಗೆ. ಕೆರೆಯಲ್ಲಿ ಪಾಚಿ ಏಳುತ್ತದೆ, ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಹೋಗಿ ಮೀನು ಸಾಯುತ್ತವೆ. ಟ್ರಿನಿಟಿ ಹರಿದು ಹೋಗೋದು ಲೇಕ್ ಲಿವಿಂಗ್‌ಸ್ಟನ್‌ಗೆ, ಅಲ್ಲಿಂದ ಹ್ಯೂಸ್ಟನ್ನಿನ ನಲ್ಲಿಗೆ. ಬೇಸಿಗೆಯಲ್ಲಿ ಆ ಹೊಳೆಯಲ್ಲಿ ಹರಿಯೋದರ ಬಹುಪಾಲು ಡಲ್ಲಾಸ್ ಸುತ್ತಿನ ಊರುಗಳು ಬಳಸಿ, ಶುದ್ಧ ಮಾಡಿ ಬಿಟ್ಟ ನೀರು. ಹ್ಯೂಸ್ಟನ್ ಗೆಳೆಯರು ಬೇಜಾರಾಗಬೇಡಿ, ನಾವೂ ಅದರಿಂದ ಹೊರತಲ್ಲ. ನಮಗೆ ನೀರು ಕೊಡುವ ನಾರ್ತ್ ಟೆಕ್ಸಸ್ ಮುನಿಸಿಪಲ್ ವಾಟರ್ ಡಿಸ್ಟ್ರಿಕ್ಟ್ ಡಲ್ಲಾಸ್‌ನ ಆಗ್ನೇಯಕ್ಕೆ ಸುಮಾರು 1,840 ಎಕರೆ ಜೌಗು ಮಾಡಿಸಿದೆ. ಟ್ರಿನಿಟಿಯ ಈಸ್ಟ್ ಫೋರ್ಕ್‌ನಿಂದ ಇಂಥದೇ ನೀರನ್ನು ಎತ್ತಿ ಆಪು, ಜೊಂಡಿನ ನಡುವೆ ದಿನಗಟ್ಟಲೆ ನಿಧಾನ ಹರಿಸುತ್ತಾರೆ. ಹೂಳು ತಳ ಸೇರುತ್ತದೆ, ರಂಜಕವನ್ನು ಗಿಡ, ಮಣ್ಣು ಹಿಡಿದುಕೊಳ್ಳುತ್ತವೆ, ಸಾರಜನಕದ ದೊಡ್ಡ ಪಾಲನ್ನು ಕೆಸರಿನ ಬ್ಯಾಕ್ಟೀರಿಯಾ ಗಾಳಿಗೆ ಮರಳಿಸುತ್ತವೆ. ಆಮೇಲೆ ನೀರು ನಲವತ್ತು ಚಿಲ್ಲರೆ ಮೈಲಿ ಪೈಪಿನಲ್ಲಿ ಲೇಕ್ ಲವಾನ್‌ಗೆ ವಾಪಸ್. ಬೆಳಿಗ್ಗೆ ಕಾಫಿಗೆ ಇಟ್ಟ ನೀರಿನಲ್ಲಿ ಜೊಂಡಿನ ದುಡಿಮೆಯೂ ಇದೆ.

ಆಸ್ಟಿನ್‌ನವರದ್ದು ಇನ್ನೊಂದು. 1980ರಲ್ಲಿ ಕಾಂಗ್ರೆಸ್ ಅವೆನ್ಯೂ ಸೇತುವೆ ರಿಪೇರಿ ಆದಾಗ ಅಡಿಯಲ್ಲಿ ಬಿಟ್ಟ ಸಂದುಗಳಿಗೆ ಬಾವಲಿಗಳು ಬಂದು ಸೇರಿದವು. ಜನ ಹೆದರಿ ಓಡಿಸಿ ಅಂದರು. ಈಗ ಬೇಸಿಗೆಯಲ್ಲಿ ಹದಿನೈದು ಲಕ್ಷದವರೆಗೆ ಇರುತ್ತವೆ, ನೋಡೋಕೆ ನಾವೇ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಈ ಬಾವಲಿಗಳು ರಾತ್ರಿ ಹಿಡಿದು ತಿನ್ನೋದರಲ್ಲಿ ಹತ್ತಿ, ಮೆಕ್ಕೆಜೋಳದ ಕಾಯಿಕೊರಕದ ಪತಂಗವೂ ಇದೆ. ಔಷಧಿ ಸಿಂಪಡಿಸೋ ಕೆಲಸದ ಒಂದು ಪಾಲು ಸಂಬಳವಿಲ್ಲದೆ ನಡೆಯುತ್ತಿದೆ.

ಬ್ಲ್ಯಾಕ್‌ಲ್ಯಾಂಡ್ ಪ್ರೇರಿಯಲ್ಲಿ ಈಗ ಉಳಿದದ್ದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ನಮ್ಮ ಕಾಲಿನ್ ಕೌಂಟಿಯಲ್ಲೇ ಪಾರ್ಕ್‌ಹಿಲ್ ಪ್ರೇರಿ ಅಂತ ಇದೆ, ಅದರಲ್ಲಿ ನೇಗಿಲು ಕಾಣದ ಹಳೇ ಹುಲ್ಲು 52 ಎಕರೆ. ಹೀಗೆ ಉಳಿದ ತುಂಡುಗಳಲ್ಲಿ ಬಹಳಷ್ಟು ಉಳಿದದ್ದು ದನ, ಕುದುರೆ, ಹೇಸರಗತ್ತೆಗೆ ಮೇವು ಕೊಯ್ಯಲು ಮೀಸಲಿಟ್ಟ ಕಾರಣಕ್ಕೆ. ನಮ್ಮಲ್ಲೂ ಅಷ್ಟೇ: ಚಿತ್ರದುರ್ಗ, ಚಿಕ್ಕಮಗಳೂರು ಕಡೆಯ ಅಮೃತಮಹಲ್ ಕಾವಲುಗಳು ದನದ ಹೆಸರಲ್ಲಿ ಉಳಿದವು, ದನ ಬೇಡವಾದ ಮೇಲೆ ಕರಗತೊಡಗಿದವು. ಹುಲ್ಲಿದ್ದ ನೆಲವನ್ನು ಸರ್ಕಾರದ ಕಾಗದ ಅಲ್ಲೂ ಇಲ್ಲೂ ಖಾಲಿ ಜಾಗ ಅಂತಲೇ ಓದಿದೆ.

ನಮ್ಮಲ್ಲಿ ಅನೇಕರಿಗೆ ಊರಲ್ಲಿ ಇನ್ನೂ ನಾಲ್ಕೋ ಎಂಟೋ ಎಕರೆ ಇದೆ, ಲಾವಣಿಗೆ ಕೊಟ್ಟು ಬಂದಿದ್ದೇವೆ. 1974ರ ಭೂಸುಧಾರಣೆ ಕಾಯ್ದೆ ತಿದ್ದುಪಡಿ ಪ್ರಕಾರ ಕೆಲವು ವಿನಾಯಿತಿ ಬಿಟ್ಟು ಕೃಷಿ ಭೂಮಿ ಗೇಣಿಗೆ ಕೊಡುವಂತಿಲ್ಲ, ಹಾಗಾಗಿ ಎಲ್ಲ ಬಾಯಿಮಾತು. ಒಬ್ಬನೇ ಬಹಳ ವರ್ಷ ಮಾಡಿದರೆ ಹೊಲ ಕೈ ತಪ್ಪೀತು ಅನ್ನೋ ಹೆದರಿಕೆಗೆ ವರ್ಷ ವರ್ಷ ಆಳು ಬದಲಿಸುವವರಿದ್ದಾರೆ. ಲಾವಣಿ ಮಾಡುವವನು ಹತ್ತಿಯೋ ಮೆಕ್ಕೆಜೋಳವೋ ಹಾಕಿ, ಯೂರಿಯಾ ಚೆಲ್ಲಿ, ಬಂದಷ್ಟು ತಗೊಂಡು ಹೋಗುತ್ತಾನೆ. ಅವನ ತಪ್ಪಲ್ಲ. ಅಂದಿನ ಕರಿಮಣ್ಣಿನ ಸೀಮೆಯ ಒಕ್ಕಲಿನ ಲೆಕ್ಕವೇ ಅವನದೂ. ಪೇಟೆಯಲ್ಲಿದ್ದ ಮಾಲೀಕನ ಜಾಗದಲ್ಲಿ ಈಗ ಇರೋದು ಫ್ರಿಸ್ಕೋ, ಕೇಟಿ, ರೌಂಡ್ ರಾಕ್‌ನಲ್ಲಿ ಕೂತ ನಾವು.

ನಮ್ಮ ಮನೆಯ ಆರು ಎಕರೆಗೆ ಹೋದ ವರ್ಷ ನಾನು, ನಮ್ಮಣ್ಣ ಮಾತಾಡಿ ಒಬ್ಬನಿಗೇ ಮೂರು ವರ್ಷ ಅಂತ ಹೇಳಿದೆವು. ಲಾವಣಿ ಸ್ವಲ್ಪ ಕಡಿಮೆ ಮಾಡಿದೆವು, ಒಂದು ವರ್ಷ ಕಡಲೆ ಹಾಕಬೇಕು, ಕುರಿ ನಿಲ್ಲಿಸೋ ಖರ್ಚು ನಮ್ಮದು ಅಂತ ಒಪ್ಪಂದ. ಯುಗಾದಿ ಮುಂದೆ ಮೂರು ರಾತ್ರಿ ಕುರಿ ನಿಂತವು ಅಂತ ಅಣ್ಣನ ಫೋನು ಬಂತು. ಕುರುಬರು ಈಗ ರೊಕ್ಕದ ಜೊತೆ ಜೋಳವನ್ನೂ ಕೇಳುತ್ತಾರಂತೆ.